ಉದ್ದಣ್ಣನ ನಿವೃತ್ತಿ

ಬೀಳ್ಕೊಡುಗೆ ಸಮಾರಂಭದಲ್ಲಿ 'ನಿಮಗೇನು ಬೇಕು' ಎಂದು ಕೇಳುವುದು ಬರೀ ಬಾಯಿಮಾತಿಗೆ. ಕೇಳುವವರಿಗೂ ಅದು ಗೊತ್ತು, ಕೇಳಿಸಿಕೊಳ್ಳುವವರಿಗೂ ಗೊತ್ತು. 'ನಿಮ್ಮ ಪ್ರೀತಿ ಇದ್ದರೆ ಸಾಕು ಸಾರ್' ಎಂದು ಹೇಳಿ, ಕೊಟ್ಟ ಗೋಡೆ ಗಡಿಯಾರವನ್ನು ಕಂಕುಳಲ್ಲಿ ಇರುಕಿಕೊಂಡು, ಚಹಾ ಬಿಸ್ಕತ್ತು ಮುಗಿಸಿ ಮನೆಗೆ ಹೋಗಬೇಕು. ಮೆಡಿಕಲ್ ಕಾಲೇಜಿನ ಮ್ಯೂಸಿಯಮ್ಮಿನಲ್ಲಿ ಧೂಳು ಒರೆಸುತ್ತಲೇ ಅರವತ್ತು ತುಂಬಿಸಿಕೊಂಡಿದ್ದ ಗಿಡ್ಡಕ್ಕನಿಗೆ ಈ ಶಿಷ್ಟಾಚಾರ ಗೊತ್ತಿರಲಿಲ್ಲ ಅಂತಲ್ಲ. ಆದರೂ ಪ್ರಿನ್ಸಿಪಾಲರು ಮೈಕಿನಲ್ಲಿ, "ಸಂಕೋಚ ಬೇಡಮ್ಮ, ಕಾಲೇಜಿಂದ ನಿಮಗೇನು ಬೇಕು ಹೇಳಿ" ಎಂದಾಗ ಅವಳು ಎದ್ದು ನಿಂತಳು. ನಿಂತರೂ ಕೂತಿದ್ದಕ್ಕಿಂತ ಹೆಚ್ಚೇನೂ ಎತ್ತರವಾಗಲಿಲ್ಲ. ಸಮಾರಂಭ ಮ್ಯೂಸಿಯಮ್ಮಿನಲ್ಲೇ ಇತ್ತು, ಅವಳು ಮೂಲೆಯಲ್ಲಿದ್ದ ಗಾಜಿನ ಬೀರುವಿನ ಕಡೆ ಕೈ ತೋರಿಸಿದಳು.

"ನಮ್ಮಣ್ಣನ್ನ ಕೊಡಿ ಸಾರ್. ಕರ್ಕೊಂಡು ಹೋಗ್ತೀನಿ."

ಬೀರುವಿನೊಳಗೆ ನಿಂತಿದ್ದದ್ದು ಒಂದು ಅಸ್ಥಿಪಂಜರ. ಅದರ ನೆತ್ತಿ ಕೋಣೆಯ ಬಾಗಿಲಿನ ಚೌಕಟ್ಟಿಗಿಂತ ಮೇಲಿತ್ತು. ಕೆಳಗಿನ ಫಲಕದಲ್ಲಿ 'ದೈತ್ಯ ಪುರುಷ' ಎಂದು ಬರೆದು, ಮಿದುಳಿನ ಬುಡದ ಒಂದು ಪುಟ್ಟ ಗ್ರಂಥಿ ಕೆಟ್ಟರೆ ಮನುಷ್ಯ ಹೇಗೆ ಬೆಳೆಯುತ್ತಲೇ ಹೋಗುತ್ತಾನೆ ಎಂಬುದನ್ನು ವಿವರಿಸಲಾಗಿತ್ತು. ಹೆಸರಿರಲಿಲ್ಲ. ಸಭೆಯಲ್ಲಿದ್ದವರು ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಯಾರೋ ಫಕ್ಕನೆ ನಕ್ಕರು, ನೋಡನೋಡುತ್ತಾ ಸಭೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮುದುಕಿ ಹೋಗುತ್ತಾ ಹೋಗುತ್ತಾ ಒಳ್ಳೆ ತಮಾಷೆ ಮಾಡಿದಳು ಎಂದು ಪ್ರಿನ್ಸಿಪಾಲರು ಚಪ್ಪಾಳೆಯನ್ನೂ ತಟ್ಟಿದರು.

ನಗದೆ ಉಳಿದವರು ಇಬ್ಬರೇ. ಒಬ್ಬಳು ಗಿಡ್ಡಕ್ಕ. ಇನ್ನೊಬ್ಬಳು ಹಿಂದಿನ ಸಾಲಿನಲ್ಲಿ ಕೂತಿದ್ದ ಅವಳ ಸೊಸೆ. ಸೊಸೆ ವಕೀಲೆ, ಅಪಘಾತದ ಕೇಸು, ಬಾಡಿಗೆ ಮನೆಯ ಜಗಳ, ಗಂಡ ಹೆಂಡಿರ ತಕರಾರು ನೋಡಿಕೊಂಡು ಬದುಕುತ್ತಿದ್ದವಳು. ಅತ್ತೆ ತಮಾಷೆ ಮಾಡುವಾಗ ಎಡಹುಬ್ಬು ಏರುತ್ತದೆ ಎಂಬುದು ಅವಳಿಗೆ ಗೊತ್ತು. ಇವತ್ತು ಹುಬ್ಬು ಏರಿರಲಿಲ್ಲ.

ಬಸ್ಸಿನಲ್ಲಿ ಮನೆಗೆ ಬರುವಾಗ ಸೊಸೆ ಮೆಲ್ಲಗೆ ಕೇಳಿದಳು. "ಅತ್ತೆ, ಅದು ನಿಜವಾಗ್ಲೂ...?"

"ನಿಜವಾಗ್ಲೂ ಅಂದ್ರೆ? ಅಣ್ಣ ಅಂತ ಸುಳ್ಳುಸುಳ್ಳಾಗಿ ಹೇಳ್ತಾರೇನೇ?"

"ಮತ್ತೆ ನಮ್ಗೆ ಯಾರಿಗೂ ಹೇಳೇ ಇಲ್ಲ! ನಿಮ್ಮ ಮಗನಿಗೂ ಗೊತ್ತಿಲ್ಲ!"

"ಹೇಳಿದ್ರೆ ನೀವು ಸುಮ್ನಿರ್ತಿದ್ರಾ? ಗಲಾಟೆ ಮಾಡ್ತಿದ್ರಿ. ಗಲಾಟೆ ಆದ್ರೆ ನನ್ನ ಕೆಲಸ ಹೋಗ್ತಿತ್ತು. ನನ್ನ ಕೆಲಸ ಹೋದ್ರೆ ಅವನ ಮೈ ಯಾರು ಒರೆಸ್ತಿದ್ರು?"

ಗಿಡ್ಡಕ್ಕನ ಅಣ್ಣನನ್ನು ಊರವರು ಉದ್ದಣ್ಣ ಎನ್ನುತ್ತಿದ್ದರು. ಈ ಊರಲ್ಲ, ಅವರು ಹುಟ್ಟಿದ ಊರು. ಉದ್ದಣ್ಣನ ಕಸುಬು ಸಿನಿಮಾ ಪೋಸ್ಟರ್ ಅಂಟಿಸುವುದು. ಬೇರೆಯವರು ಏಣಿ ಹೊತ್ತು ತಿರುಗಿದರೆ ಇವನು ಅಂಟಿನ ಬಕೆಟ್ಟು ಮಾತ್ರ ಹಿಡಿದು ಹೊರಡುತ್ತಿದ್ದ. ಇವನು ಅಂಟಿಸಿದ ಪೋಸ್ಟರನ್ನು ಇನ್ನೊಂದು ಟಾಕೀಸಿನವರಿಗೆ ಏಣಿಯಿಲ್ಲದೆ ಹರಿಯಲಾಗುತ್ತಿರಲಿಲ್ಲ, ಅದರ ಮೇಲೆ ತಮ್ಮದನ್ನು ಮೆತ್ತಲೂ ಆಗುತ್ತಿರಲಿಲ್ಲ, ಹಾಗಾಗಿ ಅವನಿಗೆ ಬಹಳ ಬೇಡಿಕೆ. ಚುನಾವಣೆ ಬಂದರೆ ಎಲ್ಲ ಪಕ್ಷದವರೂ ಅವನ ಮನೆ ಬಾಗಿಲಲ್ಲಿ. ಪೋಸ್ಟರಿನ ನಾಯಕನಿಗಿಂತ ಅಂಟಿಸುವವನನ್ನು ನೋಡಲು ಜನ ಸೇರುತ್ತಿದ್ದರು ಎಂದು ಗಿಡ್ಡಕ್ಕ ಈಗಲೂ ಹೆಮ್ಮೆಯಿಂದ ಹೇಳುತ್ತಾಳೆ. ಆದರೆ ಬೆಳೆದದ್ದು ನಿಲ್ಲಲಿಲ್ಲ. ಮೂವತ್ತು ದಾಟುವ ಹೊತ್ತಿಗೆ ಮಂಡಿ ಹೋಯಿತು, ತಲೆನೋವು ಹತ್ತಿತು, ಕಣ್ಣು ಮಂಜಾಯಿತು. ಈ ಊರಿನ ದೊಡ್ಡಾಸ್ಪತ್ರೆಗೆ ಸೇರಿಸಿದರು.

ಅಲ್ಲಿ ಅವನನ್ನು ನೋಡಿಕೊಂಡವರು ದೊಡ್ಡ ಡಾಕ್ಟರು. ಕಾಲೇಜು ಕಟ್ಟಿಸಿದವರು, ಈಗ ಗೇಟಿನಲ್ಲಿ ಕಲ್ಲಾಗಿ ನಿಂತಿರುವವರು. ಆ ಗ್ರಂಥಿಯ ಕಾಯಿಲೆಯ ಬಗ್ಗೆ ಬರೆದೇ ಅವರು ಹೆಸರುವಾಸಿಯಾದದ್ದು. ಕೆಟ್ಟವರು ಎನ್ನಲಾಗದು. ಉದ್ದಣ್ಣನಿಗೆ ಹಣ್ಣು ತಂದುಕೊಡುತ್ತಿದ್ದರು, ಮಂಚದ ಪಕ್ಕ ಕೂತು ಮಾತಾಡಿಸುತ್ತಿದ್ದರು. ಆದರೆ ಮಾತಾಡಿಸುವಾಗ ಅವರ ಕಣ್ಣು ಅವನ ಮುಖದ ಮೇಲೆ ಇರುತ್ತಿರಲಿಲ್ಲ, ಮೂಳೆಯ ಮೇಲೆ ಇರುತ್ತಿತ್ತು. "ಈ ಮನುಷ್ಯ ನನ್ನ ನೋಡೋ ನೋಟ ಸರಿಯಿಲ್ಲ ಕಣೆ. ನಾನು ಸತ್ರೆ ನನ್ನ ಇಲ್ಲಿ ಬಿಡಬೇಡ. ಮಣ್ಣಿಗೆ ಹಾಕು" ಎಂದು ಉದ್ದಣ್ಣ ತಂಗಿಯ ಕೈ ಹಿಡಿದು ಹೇಳಿದ. ಅವಳು ಆಗಲಿ ಎಂದು ಮಾತು ಕೊಟ್ಟಳು.

ಅವನು ಸತ್ತ ಸುದ್ದಿ ಮುಟ್ಟಿದ ಕೂಡಲೆ ಅವಳು ಕಂಕುಳಲ್ಲಿ ಕೂಸನ್ನು ಕಟ್ಟಿಕೊಂಡು ಓಡಿಬಂದಳು. ವಾರಸುದಾರರು ಬಾರದ ಹೆಣವನ್ನು ಕಾಲೇಜಿಗೆ ಕೊಡಬಹುದು ಎಂದು ಕಾನೂನು. ಆದರೆ ವಾರಸುದಾರಳು ಬಂದಿದ್ದಳಲ್ಲ! ಕಿಟಕಿಯ ಹಿಂದಿದ್ದ ಗುಮಾಸ್ತ ಬಗ್ಗಿ ಕೆಳಗೆ ನೋಡಿದ.

"ಯಾರು, ಆ ಉದ್ದನೆಯವನಾ? ನೀನೇನಾಗ್ಬೇಕು ಅವನಿಗೆ?"

"ತಂಗಿ ಸ್ವಾಮಿ. ಒಡಹುಟ್ಟಿದ ತಂಗಿ."

"ನೀನಾ? ಅವನ ಮಂಡಿಗೆ ಬರಲ್ಲ, ತಂಗಿಯಂತೆ!"

ಗುಮಾಸ್ತ ನಕ್ಕ. ಪಕ್ಕದವರನ್ನು ಕರೆದು ತೋರಿಸಿ ಮತ್ತೆ ನಕ್ಕ. ಸರ್ಕಸ್ಸಿನವರು ಹೆಣ ಕೊಳ್ಳಲು ಈ ಕುಳ್ಳಿಯನ್ನು ಕಳಿಸಿರಬೇಕು ಎಂದು ಒಬ್ಬ ಜಾಣ ಬೇರೆ ಹೇಳಿದ. ಗಂಡನನ್ನು ಕರೆದುಕೊಂಡು ಅವಳು ಮತ್ತೆ ಬರುವಷ್ಟರಲ್ಲಿ ಹೆಣ ಕಾಲೇಜಿಗೆ ಹೋಗಿತ್ತು, ಅಲ್ಲಿಂದ ವಾಪಸು ಕೇಳಲು ಯಾವ ಕಿಟಕಿಯೂ ಇರಲಿಲ್ಲ. ದೊಡ್ಡವರ ಹತ್ತಿರ ನಾವು ಏಗುವುದುಂಟೇ ಎಂದು ಗಂಡ ಕೈ ಚೆಲ್ಲಿದ. ಗಿಡ್ಡಕ್ಕ ಕೈ ಚೆಲ್ಲಲಿಲ್ಲ. ಅತ್ತೂ ಕರೆದೂ ಗಂಡನನ್ನು ಒಪ್ಪಿಸಿ ಈ ಊರಿಗೆ ಬಂದಳು, ಕಾಲೇಜಿನಲ್ಲಿ ಕಸ ಗುಡಿಸುವ ಕೆಲಸ ಹಿಡಿದಳು, ಬಾಟಲಿಗಳಲ್ಲಿ ಏನೇನೋ ತೇಲುತ್ತಿರುವ ಆ ಮ್ಯೂಸಿಯಮ್ಮು ಬೇಡವೇ ಬೇಡ ಎಂದು ಉಳಿದವರೆಲ್ಲ ಓಡುತ್ತಿದ್ದಾಗ ನನಗೇ ಕೊಡಿ ಎಂದು ಕೇಳಿ ಪಡೆದಳು. ಅವತ್ತಿನಿಂದ ಉದ್ದಣ್ಣನ ಮೈಮೇಲೆ ಬೇರೆ ಯಾರೂ ಬಟ್ಟೆ ಆಡಿಸಿಲ್ಲ. ಗಂಡ ತೀರಿಕೊಂಡ, ಮಗ ಬಸ್ ಡ್ರೈವರ್ ಆದ, ಸೊಸೆ ಬಂದಳು. ಗಿಡ್ಡಕ್ಕ ಬಾಯಿಗೆ ಬೀಗ ಹಾಕಿಕೊಂಡು ಒರೆಸಿದಳು.

ಈಗ ನಾಳೆಯಿಂದ ಒಳಗೆ ಹೋಗುವಂತಿಲ್ಲ. ಅದೇ ಅವಳ ಬಾಯಿ ಬಿಡಿಸಿದ್ದು.

ಸೊಸೆ ಕೇಸು ಹಾಕಿದಳು. ಹಾಕುವ ಮೊದಲು ಗಂಡನ ಜೊತೆ ಜಗಳವಾಡಿದಳು, ಯಾಕೆಂದರೆ ಬಸ್ ಡ್ರೈವರ್ ಮಹಾಶಯನಿಗೆ ಕೋರ್ಟೆಂದರೆ ಜ್ವರ ಬರುತ್ತಿತ್ತು. "ಅಮ್ಮ, ಸತ್ತೋರು ಸತ್ರು. ಈಗ್ಯಾಕೆ?" ಎಂದ. "ನೀನು ಹುಟ್ಟಿದಾಗ ಸಿನಿಮಾ ಬ್ಯಾನರ್ ಬಟ್ಟೇಲಿ ತೊಟ್ಟಿಲು ಹೊಲಿದುಕೊಟ್ಟೋನು ಅವನು. ಅವನು ನಿಂತೇ ಇದ್ದಾನೆ ಕಣೋ ಅಲ್ಲಿ!" ಎಂದು ಗಿಡ್ಡಕ್ಕ ಗದರಿದಾಗ ಊಟದ ಡಬ್ಬಿ ಎತ್ತಿಕೊಂಡು ಡ್ಯೂಟಿಗೆ ಹೋದ.

ಸುದ್ದಿ ಹಬ್ಬಿತು. ಪ್ರಿನ್ಸಿಪಾಲರು ಮನೆಗೇ ಬಂದರು, ನೀರು ಕುಡಿದು, ಮೆತ್ತಗಿನ ದನಿಯಲ್ಲಿ ಒಂದು ದಾರಿ ತೋರಿಸಿದರು. ಹೊಸ ಬೀರು ಮಾಡಿಸುತ್ತೇವೆ, ದೀಪ ಹಾಕಿಸುತ್ತೇವೆ, ಫಲಕದಲ್ಲಿ ಅವರ ಹೆಸರು ಬರೆಸುತ್ತೇವೆ, ನಿಮ್ಮ ಹೆಸರನ್ನೂ ಬೇಕಾದರೆ. ನೀವು ಯಾವಾಗ ಬೇಕಾದರೂ ಬಂದು ನೋಡಬಹುದು. ಗಿಡ್ಡಕ್ಕನಿಗೆ ಒಂದು ಗಳಿಗೆ ಮನಸ್ಸು ಜಾರಿತು. ಹೆಸರು! ಇಷ್ಟು ವರ್ಷ 'ದೈತ್ಯ' ಎಂಬ ಆ ಪದವನ್ನು ದಿನಾ ಒದ್ದೆ ಬಟ್ಟೆಯಲ್ಲಿ ಉಜ್ಜಿದ್ದಳು, ಅಳಿಸಿಹೋದರೆ ಹೋಗಲಿ ಎಂದು. ಆದರೆ ಕೊನೆಗೆ ಬೇಡವೆಂದು ತಲೆಯಾಡಿಸಿದಳು.

"ನೋಡೋಕೆ ಬರೋದಲ್ಲ ಸಾರ್. ಮಣ್ಣಿಗೆ ಹಾಕ್ತೀನಿ ಅಂತ ಮಾತು ಕೊಟ್ಟಿದ್ದೀನಿ."

"ಕಾನೂನು ನಮ್ಮ ಕಡೆ ಇದೆಯಮ್ಮ. ಸೋತ್ರೆ ಇದೂ ಸಿಗಲ್ಲ."

"ಸೋತ್ರೆ ಸೋತೆ ಅಂತ ಅವನಿಗೆ ಹೇಳ್ತೀನಿ. ಕೇಳೇ ಇಲ್ಲ ಅಂತ ಹೇಗೆ ಹೇಳ್ಲಿ?"

ಕೋರ್ಟಿನಲ್ಲಿ ಮೊದಲ ಪ್ರಶ್ನೆ ಅದೇ ಹಳೆಯದು. ಇವಳು ಅವನ ತಂಗಿ ಹೌದೋ ಅಲ್ಲವೋ. ಆದರೆ ಈ ಸಲ ಬಗ್ಗಿ ನೋಡಿ ನಗುವ ಗುಮಾಸ್ತನ ಬದಲು ಪರೀಕ್ಷೆ ಇತ್ತು. ಅವಳ ರಕ್ತ ಬೇಕು, ಅವನ ಒಂದು ಹಲ್ಲು ಬೇಕು. ಹಲ್ಲು ಕೀಳುವಾಗ ನಾನು ಅಲ್ಲಿರಬೇಕು ಎಂದು ಗಿಡ್ಡಕ್ಕ ಪಟ್ಟು ಹಿಡಿದಳು. ಕೋರ್ಟು ಒಪ್ಪಿತು.

ಮ್ಯೂಸಿಯಮ್ಮಿನ ಉಸ್ತುವಾರಿಯ ಪ್ರೊಫೆಸರು ಏಣಿ ಹತ್ತಿದರು. ಒಣಕಲು ದೇಹ, ಸಿಡುಕು ಸ್ವಭಾವ, ಆದರೆ ಮೂಳೆ ಮುಟ್ಟುವಾಗ ಕೈ ಮೃದು. ಗಿಡ್ಡಕ್ಕ ಕೆಳಗೆ ಕತ್ತೆತ್ತಿಕೊಂಡು ನಿಂತಳು.

"ಸಾರ್, ಎಡಗಡೆ ಹಿಂದಿನ ದವಡೆ ಹಲ್ಲು ತೆಗೀರಿ. ಬದುಕಿದ್ದಾಗ ಅದು ಅವನ ಪ್ರಾಣ ತಿಂದಿತ್ತು. ಕೀಳಿಸ್ಕೊ ಅಂದ್ರೆ ಹೆದರ್ಕೊಂಡು ಓಡ್ತಿದ್ದ. ಅಷ್ಟು ದೊಡ್ಡ ಆಳು!"

"ಹುಳುಕು ಹಲ್ಲಿಂದ ಪರೀಕ್ಷೆ ಆಗಲ್ಲಮ್ಮ. ಗಟ್ಟಿ ಹಲ್ಲೇ ಬೇಕು."

"ಯಾವಾಗ್ಲೂ ಚೆನ್ನಾಗಿರೋದನ್ನೇ ಕೇಳ್ತೀರಿ ನೀವು" ಎಂದು ಗೊಣಗಿ ಅವಳು ಒಪ್ಪಿದಳು. ಹಲ್ಲು ಹೊರಬರುವಾಗ ಟಕ್ಕೆಂದು ಸದ್ದಾಯಿತು. ಅವಳು ತನ್ನ ದವಡೆಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡಳು. ಪ್ರೊಫೆಸರು ಏಣಿ ಇಳಿದು ಬಂದವರು ಅವಳಿಗೆ ಕುರ್ಚಿ ಎಳೆದುಕೊಟ್ಟರು.

ಫಲಿತಾಂಶ ಬಂತು. ಇಬ್ಬರೂ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು. ಸೊಸೆ ಅಂದು ಮನೆಗೆ ಬಂದು ಅತ್ತೆಯನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಗೆದ್ದೆವೆಂದೇ ಅವಳ ಲೆಕ್ಕ. ಆದರೆ ಕಾಲೇಜಿನ ವಕೀಲರು ಹಳೇ ಹುಲಿ. ತಂಗಿಯೇ ಇರಬಹುದು ಎಂದು ಆರಾಮವಾಗಿ ಒಪ್ಪಿಕೊಂಡು, ಗಿಡ್ಡಕ್ಕನನ್ನು ಕಟಕಟೆಗೆ ಕರೆದರು. ಅವಳ ಮುಖ ಕಾಣಲೆಂದು ಕಾಲಡಿಗೆ ಒಂದು ಮಣೆ ಹಾಕಬೇಕಾಯಿತು.

"ನೀವು ಕಾಲೇಜಲ್ಲಿ ಕೆಲಸಕ್ಕೆ ಸೇರಿದಾಗ ಬೀರುವಲ್ಲಿ ಇರೋದು ನಿಮ್ಮಣ್ಣ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಅದಕ್ಕೇ ಸೇರಿದ್ದು."

"ದಿನಾ ಅದನ್ನ ಒರೆಸ್ತಿದ್ರಿ?"

"ದಿನಾ."

"ಅದಕ್ಕೆ ಸಂಬಳ ತಗೊಂಡ್ರಿ?"

"ತಗೊಂಡೆ."

"ಪ್ರದರ್ಶನಕ್ಕೆ ಇಟ್ಟಿದ್ದನ್ನ ಪ್ರದರ್ಶನಕ್ಕೆ ಚೆನ್ನಾಗಿ ಕಾಣೋ ಹಾಗೆ ಇಟ್ಟುಕೊಂಡವರು ನೀವೇ. ಇಷ್ಟು ವರ್ಷದಲ್ಲಿ ಒಂದು ದಿನ ಆದ್ರೂ ಇದು ತಪ್ಪು ಅಂತ ಯಾರಿಗಾದ್ರೂ ಹೇಳಿದ್ರಾ?"

"ಇಲ್ಲ."

ವಕೀಲರು ಜಡ್ಜರ ಕಡೆ ತಿರುಗಿ ಕೈ ಬಿಚ್ಚಿದರು. ಇದಕ್ಕಿಂತ ದೊಡ್ಡ ಒಪ್ಪಿಗೆ ಬೇಕೇ ಸ್ವಾಮಿ? ವಿರೋಧ ಇದ್ದವರು ಸಂಬಳ ತೆಗೆದುಕೊಂಡು ಒರೆಸುತ್ತಾರೆಯೇ? ಸೊಸೆ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು. ಅತ್ತೆಯ ಪ್ರೀತಿಯೇ ಅತ್ತೆಯ ಕುತ್ತಿಗೆಗೆ ಬಂದಿತ್ತು. ಮನೆಯಲ್ಲಿ ಕೂತು ಅಳುತ್ತಿದ್ದರೆ ಕೇಸು ಗಟ್ಟಿಯಾಗುತ್ತಿತ್ತು, ಹತ್ತಿರ ಹೋಗಿ ನೋಡಿಕೊಂಡದ್ದೇ ತಪ್ಪಾಯಿತು. ಕಾನೂನಿಗೆ ಕೆಲವೊಮ್ಮೆ ಇಂಥ ಬುದ್ಧಿ ಬರುತ್ತದೆ.

ಆಮೇಲೆ ಪ್ರೊಫೆಸರನ್ನು ಕರೆದರು, ಕಾಲೇಜಿನ ಸಾಕ್ಷಿಯಾಗಿ. ಅವರು ಸುಳ್ಳು ಹೇಳಲಿಲ್ಲ, ಉತ್ಪ್ರೇಕ್ಷೆಯನ್ನೂ ಮಾಡಲಿಲ್ಲ. ಈ ಅಸ್ಥಿಯ ಮುಂದೆ ನಿಂತು ತಲೆಮಾರುಗಳೇ ಪಾಠ ಕಲಿತಿವೆ. ಇಲ್ಲಿ ಓದಿದ ಒಬ್ಬಳು ಹುಡುಗಿ ದೂರದ ಹಳ್ಳಿಯೊಂದರ ಆಸ್ಪತ್ರೆಗೆ ಹೋದಳು. ಅಲ್ಲಿ ಶಾಲೆಯ ಮಗುವೊಂದರ ಕೈಬೆರಳು ನೋಡಿ, ಈ ಬೆರಳನ್ನು ನಾನು ಬೀರುವಿನಲ್ಲಿ ನೋಡಿದ್ದೇನೆ ಎಂದು ಗುರುತು ಹಿಡಿದು, ಸಕಾಲಕ್ಕೆ ಶಸ್ತ್ರಚಿಕಿತ್ಸೆಗೆ ಕಳಿಸಿದಳು. ಮಗು ಉಳಿಯಿತು. ಇಂಥವು ಇನ್ನೂ ಇವೆ ಎಂದರು ಪ್ರೊಫೆಸರು. ಮಗುವಿನ ಮುಂದೆ ಮೂಳೆಯ ಪರವಾಗಿ ವಾದ ಮಾಡುವುದು ಹೇಗೆ?

ಗಿಡ್ಡಕ್ಕ ಕೂತಲ್ಲಿಂದ ಎದ್ದು ನಿಂತಳು. ಸೊಸೆ ಸೆರಗು ಹಿಡಿದು ಎಳೆದರೂ ಕೂರಲಿಲ್ಲ.

"ಸ್ವಾಮಿ, ನಾನೊಂದು ಮಾತು ಹೇಳ್ಬಹುದಾ?"

ಜಡ್ಜರು ನಡುವಯಸ್ಸಿನ ಹೆಂಗಸು, ಬೆಳಗ್ಗಿನಿಂದ ಒಮ್ಮೆಯೂ ನಕ್ಕಿರಲಿಲ್ಲ. "ಹೇಳಿ" ಎಂದರು.

"ಆ ಮಗು ವಿಷಯ ನನಗೆ ಗೊತ್ತಿರ್ಲಿಲ್ಲ. ಕೇಳಿ ಬಹಳ ಸಂತೋಷ ಆಯ್ತು. ಅವನಿಗೂ ಆಗ್ತಿತ್ತು, ಮಕ್ಕಳು ಅಂದ್ರೆ ಪ್ರಾಣ ಅವನಿಗೆ." ಅವಳು ಉಸಿರು ತೆಗೆದುಕೊಂಡಳು. "ಈ ವಕೀಲರು ಕೇಳಿದ್ರು, ತಪ್ಪು ಅಂತ ಯಾಕೆ ಹೇಳ್ಲಿಲ್ಲ ಅಂತ. ಮೊದಲ್ನೇ ದಿನ ಬಂದು ಹೇಳ್ದೆ ಸ್ವಾಮಿ. ನಕ್ಕು ಕಳಿಸಿದ್ರು. ಎರಡನೇ ಸಲ ಹೇಳಿದ್ರೆ ಹೊರಗೆ ಹಾಕ್ತಿದ್ರು. ಹೊರಗಿದ್ದು ಹಕ್ಕು ಕೇಳ್ಲಾ, ಒಳಗಿದ್ದು ಅವನ ಜೊತೆ ಇರ್ಲಾ? ನನಗೆ ಎರಡೂ ಕೊಡೋರು ಯಾರೂ ಇರ್ಲಿಲ್ಲ. ಜೊತೆಗಿದ್ದೆ. ಹೆಣಕ್ಕೆ ಯಾರೂ ಬರ್ಲಿಲ್ಲ ಅಂತ ಕಾಗದದಲ್ಲಿ ಬರ್ಕೊಂಡಿದ್ದಾರಂತೆ. ನಾನು ಒಂದು ದಿನ ಬಿಡದೆ ಬಂದಿದ್ದೀನಲ್ಲ! ಜ್ವರ ಬಂದ್ರೂ ಬಂದಿದ್ದೀನಿ. ಇನ್ನೂ ಎಷ್ಟು ಸಲ ಬರ್ಬೇಕಿತ್ತು?"

ಕಾಲೇಜಿನ ವಕೀಲರು ಏಳಲು ಹೊರಟರು. ಜಡ್ಜರು ಕೈ ತೋರಿಸಿ ಕೂರಿಸಿದರು.

"ಇನ್ನೊಂದೇ ಮಾತು. ನನಗೆ ಅರವತ್ತಾಯ್ತು ಅಂತ ಸಾಕು ಅಂದ್ರು. ಗಡಿಯಾರ ಕೊಟ್ಟು ಕಳಿಸಿದ್ರು. ಈ ಪ್ರೊಫೆಸರಿಗೂ ಒಂದಿನ ಸಾಕು ಅಂತಾರೆ. ನಿಮಗೂ ಅಂತಾರೆ ಸ್ವಾಮಿ, ತಪ್ಪು ತಿಳ್ಕೋಬೇಡಿ. ಅವನು ಬದುಕಿದ್ದಕ್ಕಿಂತ ಜಾಸ್ತಿ ವರ್ಷ ಸತ್ತ ಮೇಲೆ ಕೆಲಸ ಮಾಡಿದ್ದಾನೆ. ಒಂದು ರಜಾ ಇಲ್ಲ. ಒಳ್ಳೆ ಕೆಲಸ ಮಾಡಿದ ಅಂತ ನೀವೇ ಹೇಳ್ತಿದ್ದೀರಿ. ಒಳ್ಳೆ ಕೆಲಸ ಮಾಡಿದೋನಿಗೆ ರಿಟೈರ್ಮೆಂಟ್ ಯಾವಾಗ?"

ಜಡ್ಜರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಾಲೇಜಿನ ವಕೀಲರನ್ನು ಕೇಳಿದರು. ಕಲಿಕೆಗೆಂದು ತಂದದ್ದನ್ನು ಎಷ್ಟು ಕಾಲ ಇಟ್ಟುಕೊಳ್ಳಬಹುದು ಎಂದು ಕಾನೂನು ಹೇಳುತ್ತದೆಯೇ? ಹೇಳುವುದಿಲ್ಲ. ಇದನ್ನು ನಿಜವಾದ ಮೂಳೆಯಿಂದಲೇ ಕಲಿಸಬೇಕೇ? ವಕೀಲರು ಪ್ರೊಫೆಸರ ಮುಖ ನೋಡಿದರು. ಪ್ರೊಫೆಸರು ಎದ್ದು, ಅಳತೆಗೆ ಸರಿಯಾಗಿ ಅಚ್ಚು ತೆಗೆದು ಪ್ಲಾಸ್ಟಿಕ್ಕಿನದು ಮಾಡಬಹುದು, ವಿದ್ಯಾರ್ಥಿಗಳಿಗೆ ಯಾವ ವ್ಯತ್ಯಾಸವೂ ಆಗುವುದಿಲ್ಲ ಎಂದರು. ಪ್ರಿನ್ಸಿಪಾಲರು ಅವರನ್ನು ಸುಟ್ಟುಬಿಡುವ ಹಾಗೆ ನೋಡಿದರು. ಪ್ರೊಫೆಸರು ಕ್ಯಾರೇ ಅನ್ನಲಿಲ್ಲ.

ತೀರ್ಪು ಬರಲು ಕೆಲವು ವಾರ ಹಿಡಿಯಿತು. ಬೇಡ ಎನ್ನುವ ಶಕ್ತಿ ಇಲ್ಲದವರ ಮೌನವನ್ನು ಒಪ್ಪಿಗೆ ಎಂದು ಓದಬಾರದು, ಕಲಿಯಲು ಕೊಟ್ಟ ದೇಹ ಕಾಲೇಜಿನ ಆಸ್ತಿಯಾಗುವುದಿಲ್ಲ ಎಂದು ಜಡ್ಜರು ಬರೆದರು. ಈಗ ಕಾನೂನು ಓದುವ ಮಕ್ಕಳು ಆ ಎರಡು ಸಾಲನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾರೆ. ಮಣೆಯ ಮೇಲೆ ನಿಂತವಳ ಪ್ರಸ್ತಾಪ ಅವರ ಪುಸ್ತಕದಲ್ಲಿಲ್ಲ, ಅದಕ್ಕೇ ಇಲ್ಲಿ ಬರೆಯಬೇಕಾಯಿತು. ಅಚ್ಚು ತೆಗೆದುಕೊಳ್ಳಲು ಕಾಲೇಜಿಗೆ ಅವಕಾಶ ಕೊಟ್ಟಿದ್ದಾರೆ, ನಿಮ್ಮ ತಕರಾರು ಇದೆಯಾ ಎಂದು ಸೊಸೆ ಕೇಳಿದಳು. "ಪ್ಲಾಸ್ಟಿಕ್ಕಿನೋನು ನಿಂತ್ಕೊಳ್ಳಲಿ ಬಿಡು, ಅವನಿಗೆ ಮಂಡಿ ನೋಯಲ್ಲ" ಎಂದಳು ಗಿಡ್ಡಕ್ಕ. ಅವಳ ಎಡಹುಬ್ಬು ಬಹಳ ದಿನದ ಮೇಲೆ ಏರಿತ್ತು.

ಅಚ್ಚು ತೆಗೆದುಕೊಂಡು ಕಾಲೇಜಿನವರು ಮೂಳೆ ಒಪ್ಪಿಸಿದ ಮರುದಿನ ಬೆಳಗ್ಗೆ ಊರಾಚೆಯ ಸ್ಮಶಾನಕ್ಕೆ ಹೋದರು. ತಂತಿ ಬಿಚ್ಚಿ ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಮೂಳೆಗಳು ಒಂದು ಮರದ ಪೆಟ್ಟಿಗೆಯಲ್ಲಿ ಹಿಡಿಸಿದ್ದವು. ಮಗ ಪೆಟ್ಟಿಗೆ ಹೊತ್ತಿದ್ದ. ಬಾ ಎಂದು ಯಾರೂ ಕರೆಯದಿದ್ದರೂ ಪ್ರೊಫೆಸರು ಬಂದು ನಿಂತಿದ್ದರು. ಗುಂಡಿ ತೋಡುವವನು ಪೆಟ್ಟಿಗೆಯನ್ನು ಕಣ್ಣಲ್ಲೇ ಅಳೆದು, ಮಗುವಿಗೆ ತೋಡುವಷ್ಟು ತೋಡಿ, ಗುದ್ದಲಿ ಬದಿಗಿಟ್ಟ.

"ಇದು ಸಾಲಲ್ಲಪ್ಪ. ಉದ್ದ ಮಾಡು" ಎಂದಳು ಗಿಡ್ಡಕ್ಕ.

"ಪೆಟ್ಟಿಗೆ ಇಷ್ಟೇ ಇದೆಯಲ್ಲಮ್ಮ?"

"ಪೆಟ್ಟಿಗೆ ಹಾಕಲ್ಲ. ಅವನನ್ನ ಮಲಗಿಸ್ತೀನಿ."

ಅವನು ಮತ್ತೆ ತೋಡಿದ. ಇಷ್ಟು ಸಾಕೇ ಎಂದ. ಇನ್ನೂ ಎಂದಳು. ಮಗ ಅಂಗಿ ತೋಳು ಮಡಚಿ ಇನ್ನೊಂದು ಗುದ್ದಲಿ ಹಿಡಿದ. ಬಿಸಿಲು ಏರುವ ಹೊತ್ತಿಗೆ ಆ ಸ್ಮಶಾನದಲ್ಲೇ ಯಾರೂ ಕಂಡಿರದಷ್ಟು ಉದ್ದದ ಗುಂಡಿಯಾಗಿತ್ತು. ಗಿಡ್ಡಕ್ಕ ಒಳಗಿಳಿದಳು. ಪ್ರೊಫೆಸರು ಮೇಲಿನಿಂದ ಒಂದೊಂದಾಗಿ ಮೂಳೆ ಕೊಡುತ್ತಾ ಹೋದರು, ಅವಳು ಒಂದೊಂದಾಗಿ ಜೋಡಿಸುತ್ತಾ ಹೋದಳು. ತಲೆ, ಭುಜ, ಬೆನ್ನು, ತೊಡೆ. ಕೊನೆಗೆ ಪಾದ. ಪಾದದ ಆಚೆ ಇನ್ನೂ ಒಂದು ಗೇಣು ಜಾಗ ಉಳಿದಿತ್ತು.

ಅಪ್ಪನ ಮನೆಯ ಮಂಚದಲ್ಲಿ ಅವನು ಮುದುಡಿ ಮಲಗುತ್ತಿದ್ದ. ಆಸ್ಪತ್ರೆಯ ಮಂಚದಲ್ಲಿ ಕಾಲು ಸರಳಿನಿಂದ ಆಚೆ ತೂಗುತ್ತಿತ್ತು, ಓಡಾಡುವ ನರ್ಸುಗಳು ಅದಕ್ಕೆ ತಾಗಿಸಿಕೊಂಡು ಹೋಗುತ್ತಿದ್ದರು, ಅವನು ಪ್ರತಿ ಸಲ ಎಳೆದುಕೊಂಡು ಕ್ಷಮಿಸಿ ಎನ್ನುತ್ತಿದ್ದ. ಗಿಡ್ಡಕ್ಕ ಅವನ ಪಾದದ ಮೇಲೆ ಎರಡೂ ಕೈ ಇಟ್ಟಳು. ಅವಳಿಗೆ ಅಳು ಬಂತು, ತಡೆಯಲಿಲ್ಲ.

"ಯಾರಿಗೂ ಅಡ್ಡ ಆಗಲ್ಲ ಅಣ್ಣ. ಕಾಲು ಚಾಚ್ಕೊಂಡು ಮಲಕ್ಕೊ" ಎಂದಳು.

ಆಮೇಲೆ ಮಗನ ಕೈ ಹಿಡಿದು ಮೇಲೆ ಬಂದು, ಮೊದಲ ಹಿಡಿ ಮಣ್ಣನ್ನು ತಾನೇ ಹಾಕಿದಳು.